ಹಿತ್ತಲಿನ ಆಲೂಗಡ್ಡೆ ಕೀಳುವ ಹೊತ್ತು

ಆಲೂಗಡ್ಡೆ ಬೆಳೆಯುವವರ ತಾಳ್ಮೆಗೆ ನಿಜವಾದ ಪರೀಕ್ಷೆ ಗಿಡ ಒಣಗತೊಡಗಿದ ಮೇಲಿನ ಎರಡು ವಾರಗಳು. ಬೆಂಗಳೂರಿನ ನಮ್ಮ ಹಿತ್ತಲಿನಲ್ಲಿ ನವೆಂಬರ್ ಮೊದಲ ವಾರ ನೆಟ್ಟದ್ದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಹಳೆಯ ತಳಿ. ಜನವರಿ ಕೊನೆಗೆ ಎಲೆಗಳು ಹಳದಿಗೆ ತಿರುಗಿ ಗಿಡಗಳು ಒರಗಿದವು, ಬುಡಕ್ಕೆ ಏರಿಸಿದ್ದ ಮಣ್ಣು ಅಲ್ಲಲ್ಲಿ ಬಿರುಕು ಬಿಟ್ಟಿತು. ಆಗ ಅಗೆದು ನೋಡುವ ಆಸೆ ಸಹಜವೇ. ಆದರೆ ಮಾಡಬೇಕಾದದ್ದು ನೀರು ನಿಲ್ಲಿಸಿ, ಗಿಡವನ್ನು ಬುಡಕ್ಕೆ ಕೊಯ್ದು, ಗಡ್ಡೆಯನ್ನು ಮಣ್ಣಿನೊಳಗೇ ಬಿಡುವುದು.

ಗಿಡ ಹಸಿರಾಗಿರುವವರೆಗೆ ಗಡ್ಡೆ ಬೆಳೆಯುತ್ತಲೇ ಇರುವುದರಿಂದ ಅದರ ಸಿಪ್ಪೆ ಎಳೆಯದಾಗಿರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದುಬರುತ್ತದೆ. ಹಾಗೆ ಸುಲಿದ ಗಡ್ಡೆ ಬೇಗನೆ ಸುಕ್ಕುಗಟ್ಟುತ್ತದೆ, ಗಾಯವಾದಲ್ಲಿ ಕೊಳೆಯುತ್ತದೆ. ಗಿಡ ಕೊಯ್ದ ಮೇಲೆ ಹತ್ತು ಹದಿನೈದು ದಿನಗಳಲ್ಲಿ ಸಿಪ್ಪೆ ಬಲಿತು ತಿರುಳಿಗೆ ಅಂಟಿಕೊಳ್ಳುತ್ತದೆ. ಚಳಿಗಾಲದ ಬೆಳೆಗೆ ಈ ಕಾಯುವಿಕೆ ಸಾಧ್ಯ, ಏಕೆಂದರೆ ಮಣ್ಣು ಒಣಗಿರುತ್ತದೆ. ಮುಂಗಾರಿನಲ್ಲಿ ನೆಟ್ಟು ಮಳೆಯ ನಡುವೆಯೇ ಕೀಳುವ ಹಾಸನದ ರೈತರಿಗೆ ಆ ಅನುಕೂಲವಿಲ್ಲ. ಮೋಡ ಮುಸುಕಿದ ತಂಪು ಹವೆಯಲ್ಲಿ ಅಂಗಮಾರಿ ತಗುಲಿದರೆ ಕೆಲವೇ ದಿನಗಳಲ್ಲಿ ಹೊಲವೇ ಕಪ್ಪಾಗುತ್ತದೆ. 1845ರಿಂದಾಚೆಗೆ ಐರ್ಲೆಂಡನ್ನು ಬರಗಾಲಕ್ಕೆ ತಳ್ಳಿದ್ದೂ ಇದೇ ರೋಗ.

ಕೀಳುವಾಗ ಗುದ್ದಲಿಯನ್ನು ಬುಡದಿಂದ ಒಂದು ಗೇಣು ದೂರದಲ್ಲಿ ಇಳಿಸಿ ಮಣ್ಣನ್ನು ಸಡಿಲಿಸಿಕೊಂಡು, ಉಳಿದದ್ದನ್ನು ಕೈಯಿಂದಲೇ ಕೆದಕುವುದು ನನ್ನ ಪದ್ಧತಿ. ನೆಟ್ಟ ಬಿತ್ತನೆ ಗಡ್ಡೆ ಕೊಳೆತು ಮೆತ್ತಗಾಗಿ ಕೆಳಗಿರುತ್ತದೆ, ಹೊಸವು ಅದರ ಮೇಲೂ ಸುತ್ತಲೂ ಇರುತ್ತವೆ. ಅದಕ್ಕಾಗಿಯೇ ಬೆಳೆಯುವಾಗ ಮಣ್ಣು ಏರಿಸುವುದು. ಏರು ಕರಗಿ ಬಿಸಿಲು ತಾಕಿದವು ಹಸಿರಾಗಿದ್ದವು. ಅವುಗಳಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹಸಿರು ಭಾಗವನ್ನು ಹೆರೆದು ಬಳಸುವ ಜಿಪುಣತನವನ್ನು ನಾನಂತೂ ಒಪ್ಪುವುದಿಲ್ಲ. ಗುದ್ದಲಿ ತಾಕಿದವು ಅಂದೇ ಅವರೆಕಾಳಿನ ಜೊತೆ ಹುಳಿಗೆ ಹೋದವು. ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಪಿಷ್ಟ ಕಡಿಮೆ. ಹುಳಿಯಲ್ಲಿ ಕರಗದೆ ಹೋಳು ಹೋಳಾಗಿಯೇ ನಿಲ್ಲುತ್ತದೆ. ದೋಸೆಯ ಪಲ್ಯಕ್ಕೆ ಮಾತ್ರ ಅಂಗಡಿಯ ಹಳೆಯ ಗಡ್ಡೆಯೇ ಮೇಲು.

ಉಳಿದವನ್ನು ತೊಳೆಯದೆ, ಮಣ್ಣನ್ನು ಒರೆಸಿ, ಕತ್ತಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹರವಿದ್ದೇನೆ. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ, ಹುರಿದಾಗ ಕಪ್ಪಾಗುತ್ತವೆ. ಚಿಕ್ಕವನ್ನು ಮುಂದಿನ ಬಿತ್ತನೆಗೆ ಉಳಿಸಬಾರದೇ ಎಂದು ಪಕ್ಕದ ಮನೆಯವರು ಕೇಳಿದರು. ನಮ್ಮ ಬೇಸಿಗೆಯಲ್ಲಿ ಅವು ನವೆಂಬರ್‌ವರೆಗೆ ತಾಳುವುದಿಲ್ಲ. ಜೊತೆಗೆ ಗಿಡದ ರಸ ಹೀರುವ ಸಸ್ಯಹೇನುಗಳು ಹರಡುವ ನಂಜುರೋಗ ಗಡ್ಡೆಯ ಮೂಲಕವೇ ಮುಂದಿನ ಬೆಳೆಗೆ ದಾಟುತ್ತದೆ. ಹಾಸನಕ್ಕೂ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಬರುವುದು ಅಲ್ಲಿನ ಚಳಿಗಾಲದಲ್ಲಿ ಆ ಹೇನುಗಳ ಕಾಟ ಕಡಿಮೆಯಿರುವ ಕಾರಣಕ್ಕೆ. ಹಾಗಾಗಿ ಚಿಕ್ಕವನ್ನೂ ಸಿಪ್ಪೆಸಹಿತ ಹುರಿದು ತಿನ್ನುತ್ತಿದ್ದೇವೆ.