ತ್ರೀ ಸೀರೀಸಾ, ಸಿ-ಕ್ಲಾಸಾ, ಎ-ಫೋರಾ? ಬಳ್ಳಾರಿಯಿಂದ ನನ್ನ ಉತ್ತರ

ವರ್ಕ್‌ಶಾಪಿಗೆ ಬರುವವರು, ಮದುವೆಮನೆಯಲ್ಲಿ ಸಿಗುವವರು, ಯಾರಿಂದಲೋ ನಂಬರ್ ಇಸ್ಕೊಂಡು ಸಿಂಧನೂರಿನಿಂದಲೋ ಗಂಗಾವತಿಯಿಂದಲೋ ಫೋನ್ ಮಾಡುವವರು, ಎಲ್ಲರೂ ಕೇಳುವುದು ಒಂದೇ ಮಾತು: "ಅರವತ್ತು ಲಕ್ಷದ ಆಸುಪಾಸಿನಾಗ ಒಂದು ಜರ್ಮನ್ ಗಾಡಿ ತಗೋಬೇಕ್ರಿ, ಸೆಡಾನೇ ಬೇಕು, ನಾನೇ ಓಡಿಸ್ತೀನಿ. ತ್ರೀ ಸೀರೀಸಾ, ಸಿ-ಕ್ಲಾಸಾ, ಎ-ಫೋರಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವೇ ಓಡಿಸುವವರಾದರೆ, 2019ರ ಆಗಸ್ಟ್‌ನಿಂದ 2022ರ ಕೊನೆಯವರೆಗೆ ಮಾರಾಟವಾದ ಬಿಎಂಡಬ್ಲ್ಯು 330ಐ (ತ್ರೀ ಸೀರೀಸ್‌ನ ಪೆಟ್ರೋಲ್ ಮಾದರಿ) ಒಂದನ್ನು, ಸರ್ವೀಸ್ ದಾಖಲೆ ಸರಿಯಾಗಿರುವುದನ್ನು ಹುಡುಕಿ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಹೊಸದೇ ಆಗಬೇಕು ಅಂದರೆ ಆಡಿ ಎ4 ಸಿಕ್ಕರೆ ಅದನ್ನು ಓಡಿಸಿ ನೋಡಿ, ಆಮೇಲೆ ತ್ರೀ ಸೀರೀಸ್‌ನ ಉದ್ದನೆಯ ಮಾದರಿ 330ಎಲ್‌ಐ. ನೀವು ಹಿಂದಿನ ಸೀಟಿನಲ್ಲಿ ಕೂತು, ಡ್ರೈವರ್ ಓಡಿಸುವುದಾದರೆ ಮರ್ಸಿಡಿಸ್ ಸಿ-ಕ್ಲಾಸ್. ಅಲ್ಲಿ ಹೆಚ್ಚು ಯೋಚಿಸುವ ಅಗತ್ಯವೇ ಇಲ್ಲ.

ಇಷ್ಟು ಹೇಳಿದ ಕೂಡಲೇ ಮುಖ ಸಣ್ಣದಾಗುತ್ತದೆ. ಅರವತ್ತು ಲಕ್ಷ ಕೈಯಲ್ಲಿಟ್ಟುಕೊಂಡು ಬಂದವನಿಗೆ ಹಳೇ ಗಾಡಿ ತಗೋ ಅನ್ನುತ್ತೀರಲ್ಲ ಅಂತ. ಅದಕ್ಕೇ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಎಂಜಿನ್ ವಿಚಾರದಲ್ಲಿ ಈ ಮೂವರಲ್ಲಿ ಯಾರೂ ಬಡವರಲ್ಲ. 330ಐಗೆ 258 ಹಾರ್ಸ್‌ಪವರ್, ಸಿ300ಗೆ ಅಷ್ಟೇ. ಎ4 ಸ್ವಲ್ಪ ಕಡಿಮೆ, ಆದರೆ ಬಳ್ಳಾರಿಯಿಂದ ಹಿರಿಯೂರಿನವರೆಗಿನ ರಸ್ತೆಯಲ್ಲಿ ಆ ವ್ಯತ್ಯಾಸ ನಿಮ್ಮ ಸಮಯವನ್ನು ಉಳಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಚಾಲನೆಯ ಸ್ವಭಾವದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಬಿಎಂಡಬ್ಲ್ಯು ಮತ್ತು ಮರ್ಸಿಡಿಸ್‌ನಲ್ಲಿ ಹಿಂದಿನ ಚಕ್ರಗಳು ದೂಡುತ್ತವೆ, ಮುಂದಿನವು ದಿಕ್ಕು ತಿರುಗಿಸುವ ಕೆಲಸ ಮಾತ್ರ ಮಾಡುತ್ತವೆ. ಇಲ್ಲಿ ಮಾರುವ ಎ4ನಲ್ಲಿ ಎರಡೂ ಕೆಲಸ ಮುಂದಿನ ಚಕ್ರಗಳದೇ. 1975ರಲ್ಲಿ ಮೊದಲ ತ್ರೀ ಸೀರೀಸ್ ಬಂದಾಗಿನಿಂದ ಸ್ಪೋರ್ಟ್ಸ್ ಸೆಡಾನ್ ಅಂದರೆ ಜನ ಹುಡುಕುತ್ತಿರುವುದು ಈ ಸಮತೋಲವನ್ನೇ: ನಾಲ್ಕು ಬಾಗಿಲು, ಮನೆಮಂದಿಗೆಲ್ಲ ಜಾಗ, ಆದರೂ ತಿರುವಿನಲ್ಲಿ ಸ್ಟೀರಿಂಗ್ ಹಿಡಿದವನಿಗೆ ರಸ್ತೆಯ ಸುದ್ದಿ ಮುಟ್ಟಬೇಕು. ಸಂಡೂರಿನ ಗುಡ್ಡದ ರಸ್ತೆಯಲ್ಲಿ ಒಮ್ಮೆ 330ಐ ಓಡಿಸಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ.

ಇನ್ನೂ ಕಡಿಮೆ ಬೆಲೆಯ 2 ಸೀರೀಸ್ ಗ್ರ್ಯಾನ್ ಕೂಪೆ, ಎ-ಕ್ಲಾಸ್ ಲಿಮೋಸಿನ್ ಬಗ್ಗೆಯೂ ಕೇಳುತ್ತಾರೆ. ಎರಡೂ ಮುಂದಿನ ಚಕ್ರದ ಗಾಡಿಗಳು, ಹಿಂದಿನ ಸೀಟು ಇಕ್ಕಟ್ಟು. ಲಾಂಛನಕ್ಕಾಗಿ ಮಾತ್ರ ತಗೊಳ್ಳುವುದಾದರೆ ತಗೊಳ್ಳಿ, ಸ್ಪೋರ್ಟ್ಸ್ ಸೆಡಾನ್ ಅಂತ ತಗೋಬೇಡಿ.

ಈಗ ಮುಖ್ಯ ಮಾತು. ಈ ಗಾಡಿಗಳ ಎಂಜಿನ್, ಚಾಸಿ ವರ್ಷದಿಂದ ವರ್ಷಕ್ಕೆ ಸುಧಾರಿಸಿವೆ. ಹದಗೆಟ್ಟಿರುವುದು ಚಾಲಕನ ಕೈಗೂ ಗಾಡಿಗೂ ನಡುವಿನ ಸಂಬಂಧ. 2022ರ ಫೇಸ್‌ಲಿಫ್ಟ್‌ನಲ್ಲಿ, ಅಂದರೆ ಅದೇ ಮಾದರಿಗೆ ಮಾಡಿದ ಮಾರ್ಪಾಡಿನಲ್ಲಿ, ತ್ರೀ ಸೀರೀಸ್‌ಗೆ ಬಾಗಿದ ದೊಡ್ಡ ಗಾಜಿನ ಪರದೆ ಬಂತು, 12.3 ಇಂಚಿನದೊಂದು, 14.9 ಇಂಚಿನದೊಂದು. ಅದರ ಜೊತೆಗೆ ಏಸಿಯ ಬಟನ್‌ಗಳು ಹೋದವು. ತಾಪಮಾನ, ಬ್ಲೋವರ್, ಹೊರಗಿನ ಗಾಳಿ ತಡೆಯುವುದು, ಎಲ್ಲವೂ ಪರದೆಯೊಳಗೆ. ಆ ವರ್ಷದ ಸಿ-ಕ್ಲಾಸ್‌ನಲ್ಲಿ 11.9 ಇಂಚಿನ ಉದ್ದನೆಯ ಪರದೆ, ಸ್ಟೀರಿಂಗ್ ಮೇಲೂ ಒತ್ತುವ ಬಟನ್ ಬದಲು ಸವರುವ ಪಟ್ಟಿ. ಮರ್ಸಿಡಿಸ್‌ನವರು ಏಸಿಯ ಸಾಲನ್ನು ಪರದೆಯ ಕೆಳಗೆ ಯಾವಾಗಲೂ ಕಾಣುವಂತೆ ಇಟ್ಟಿದ್ದಾರೆ, ಅಷ್ಟರಮಟ್ಟಿಗೆ ಪುಣ್ಯ. ಆದರೂ ಬೆರಳಿಗೆ ಸಿಗುವುದು ನುಣುಪು ಗಾಜೇ. ನೋಡದೆ ಮುಟ್ಟಿದರೆ ಏನು ಮುಟ್ಟಿದೆವೆಂದು ಗೊತ್ತಾಗುವುದಿಲ್ಲ.

ಬೆಂಗಳೂರಿನವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬಹುದು. ನಮ್ಮ ಕಡೆ ಅಲ್ಲ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಬ್ಲೋವರ್ ಪೂರ್ತಿ ಬೇಕು, ಸ್ವಲ್ಪ ಹೊತ್ತಿಗೆ ಕಡಿಮೆ ಮಾಡಬೇಕು, ಮುಖಕ್ಕೆ ಬೀಳುವ ಗಾಳಿಯನ್ನು ಎದೆಗೆ ಇಳಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಧೂಳು. ತೋರಣಗಲ್ಲು ಕಡೆ ಹೋಗುವಾಗ ಅದಿರಿನ ಲಾರಿಯ ಹಿಂದೆ ಸಿಕ್ಕಿಕೊಂಡರೆ ಹೊರಗಿನ ಗಾಳಿಯನ್ನು ಆ ಕ್ಷಣದಲ್ಲೇ ಬಂದ್ ಮಾಡಬೇಕು, ಇಲ್ಲದಿದ್ದರೆ ಕೆಂಪು ಧೂಳು ಒಳಗೇ. ಹಳೆಯ 330ಐನಲ್ಲಿ ಆ ಬಟನ್ ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದೆ. ಕಣ್ಣು ಲಾರಿಯ ಮೇಲೆ, ಬೆರಳು ಬಟನ್ ಮೇಲೆ. ಹೊಸದರಲ್ಲಿ ಕಣ್ಣನ್ನು ಪರದೆಗೆ ತರಬೇಕು, ಮೆನು ತೆರೆಯಬೇಕು, ಚಿತ್ರ ಹುಡುಕಬೇಕು. ಅಷ್ಟರಲ್ಲಿ ಗಾಡಿ ಗುಂಡಿಗೆ ಬಿದ್ದರೆ ಬೆರಳು ಪಕ್ಕದ್ದನ್ನು ಒತ್ತಿರುತ್ತದೆ, ಮತ್ತೆ ಮೊದಲಿನಿಂದ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕಣ್ಣು ತೆಗೆದರೆ 44 ಮೀಟರ್. ನಮ್ಮ ರಸ್ತೆಯ 44 ಮೀಟರ್‌ನಲ್ಲಿ ಏನೇನು ಬರಬಹುದು ಅಂತ ನಿಮಗೂ ಗೊತ್ತು: ಬಣ್ಣ ಬಳಿಯದ ಹಂಪ್, ಕುರಿ ಹಿಂಡು, ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಭತ್ತ, ಅದರ ಮೇಲೆ ಗಾಡಿ ಹತ್ತದಿರಲೆಂದು ಅಂಚಿಗೆ ಇಟ್ಟ ಕಲ್ಲು. ರಾತ್ರಿ ಆ ಕಲ್ಲು ಕಾಣುವುದೇ ಇಲ್ಲ.

ಇದು ನನ್ನೊಬ್ಬನ ಕಿರಿಕಿರಿ ಅಲ್ಲ. 2022ರಲ್ಲಿ ಸ್ವೀಡನ್ನಿನ ವಿ ಬಿಲೆಗಾರೆ ಎಂಬ ಕಾರು ಪತ್ರಿಕೆ ಇದನ್ನು ಅಳೆದು ತೋರಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತ ತಾಪಮಾನ ಏರಿಸುವುದು, ರೇಡಿಯೋ ಸ್ಟೇಷನ್ ಹಾಕುವುದು ಮುಂತಾದ ನಾಲ್ಕು ಸಾಮಾನ್ಯ ಕೆಲಸ ಮಾಡಿಸಿದರು. 2005ರ ವೋಲ್ವೋ ವಿ70, ಬರೀ ಬಟನ್‌ಗಳ ಗಾಡಿ, 10 ಸೆಕೆಂಡಿನಲ್ಲಿ ಮುಗಿಸಿತು. ಅಷ್ಟರಲ್ಲಿ ಓಡಿದ್ದು 306 ಮೀಟರ್. ಬಿಎಂಡಬ್ಲ್ಯು ಐಎಕ್ಸ್‌ಗೆ 30 ಸೆಕೆಂಡ್ ದಾಟಿತು, ಸುಮಾರು 930 ಮೀಟರ್. ಎಲ್ಲಕ್ಕಿಂತ ಹಿಂದುಳಿದ ಎಂಜಿ ಮಾರ್ವೆಲ್ ಆರ್ 44.9 ಸೆಕೆಂಡ್ ತಗೊಂಡಿತು. ಐಎಕ್ಸ್‌ನಲ್ಲಿದ್ದ ಬಾಗಿದ ಪರದೆಯ ವ್ಯವಸ್ಥೆಯೇ ಮುಂದೆ ತ್ರೀ ಸೀರೀಸ್‌ಗೂ ಬಂದದ್ದು, ಅದಕ್ಕೇ ಆ ಅಂಕಿಯನ್ನು ಇಲ್ಲಿ ಹೇಳಿದೆ. ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ದೀಪ, ತುರ್ತು ಕರೆ ಇವುಗಳಿಗೆ ಮುಟ್ಟಿ ಒತ್ತುವ ನಿಜವಾದ ಬಟನ್ ಬೇಕು ಎಂದಿದೆ. ಏಸಿ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡಿದವರು ಬಳ್ಳಾರಿಯ ಬೇಸಿಗೆ ಕಂಡವರಾಗಿದ್ದರೆ ಅದನ್ನೂ ಸೇರಿಸುತ್ತಿದ್ದರು ಎಂದೇ ನನ್ನ ನಂಬಿಕೆ.

ಎ4 ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಫೇಸ್‌ಲಿಫ್ಟ್ ಮಾಡುವಾಗ ಆಡಿಯವರು ಪರದೆಯನ್ನು ನಡೆಸಲು ಮೊದಲಿದ್ದ ತಿರುಗುವ ಗುಂಡಿಯನ್ನು ತೆಗೆದುಹಾಕಿದರು, ಅದು ನಷ್ಟವೇ. ಆದರೆ ಏಸಿಯ ನಾಬ್‌ಗಳನ್ನು ಹಾಗೇ ಉಳಿಸಿದರು. ತಿರುಗಿಸಿದರೆ ಟಕ್ ಟಕ್ ಎಂದು ಬೆರಳಿಗೆ ಲೆಕ್ಕ ಸಿಗುತ್ತದೆ. ತ್ರೀ ಸೀರೀಸ್‌ನಲ್ಲಿ ಉಲ್ಟಾ: ಏಸಿ ಬಟನ್ ಹೋಯಿತು, ತಿರುಗುವ ಐಡ್ರೈವ್ ಗುಂಡಿ ಮತ್ತು ವಾಲ್ಯೂಮ್ ನಾಬ್ ಉಳಿದವು. ಎರಡೂ ಇರುವುದು ಫೇಸ್‌ಲಿಫ್ಟ್‌ಗೆ ಮುಂಚಿನ 330ಐನಲ್ಲಿ. ಅದಕ್ಕೇ ಮೊದಲ ಉತ್ತರದಲ್ಲಿ ಅದನ್ನು ಹೇಳಿದ್ದು. ಹಿಂದೆ ಕೂರುವವರಿಗೆ ಇನ್ನಷ್ಟು ಕಾಲು ಚಾಚುವ ಜಾಗ ಬೇಕಿದ್ದರೆ 2021ರಲ್ಲಿ ಬಂದ ತ್ರೀ ಸೀರೀಸ್ ಗ್ರ್ಯಾನ್ ಲಿಮೋಸಿನ್ ನೋಡಿ, ಫೇಸ್‌ಲಿಫ್ಟ್‌ಗೆ ಮುಂಚಿನದನ್ನು. ಅದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2961 ಮಿ.ಮೀ., ಸಾಮಾನ್ಯ ಗಾಡಿಗಿಂತ 110 ಮಿ.ಮೀ. ಉದ್ದ, ಒಳಗೆ ಅದೇ ಹಳೆಯ ಬಟನ್‌ಗಳು.

"ಮಾತಾಡಿದ್ರೆ ಸಾಕಲ್ರೀ, ಗಾಡೀನೇ ಏಸಿ ಮಾಡ್ತದಲ್ಲ" ಅನ್ನುತ್ತಾರೆ ಕೆಲವರು. ಗಾಜು ಇಳಿಸಿದ್ದಾಗ, ಹಿಂದೆ ಮಕ್ಕಳು ಗಲಾಟೆ ಮಾಡುವಾಗ, ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆಯುವಾಗ ಮಾತು ಕೇಳಿಸಿಕೊಳ್ಳುವ ಯಂತ್ರ ನನಗಿನ್ನೂ ಸಿಕ್ಕಿಲ್ಲ. ಕುರುಗೋಡು, ಕಂಪ್ಲಿ ಎಂದರೆ ನ್ಯಾವಿಗೇಷನ್ ತಡವರಿಸುವುದು ಬೇರೆ.

ಎಂಜಿನ್ ತಾನೇ ಆರಿ ತಾನೇ ಹೊತ್ತಿಕೊಳ್ಳುವ ಸ್ಟಾರ್ಟ್-ಸ್ಟಾಪ್ ಬಗ್ಗೆ ಬರುವಷ್ಟು ದೂರು ನನಗೆ ಇನ್ಯಾವುದರ ಬಗ್ಗೆಯೂ ಬರುವುದಿಲ್ಲ. ಮೋತಿ ಸರ್ಕಲ್‌ನ ಟ್ರಾಫಿಕ್‌ನಲ್ಲಿ ಎಂಜಿನ್ ನಿಂತರೆ ಅದಕ್ಕೆ ಬೆಲ್ಟ್‌ನಿಂದ ಜೋಡಿಸಿದ ಏಸಿ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಒಳಗೆ ಸೆಕೆ ಏರಿದ ಮೇಲೆ ಗಾಡಿ ತಾನಾಗಿ ಮತ್ತೆ ಶುರುವಾಗುತ್ತದೆ, ಆದರೆ ಅಷ್ಟರಲ್ಲಿ ಗಾಳಿ ಬೆಚ್ಚಗಾಗಿರುತ್ತದೆ. ಸಿ-ಕ್ಲಾಸ್‌ನ 48 ವೋಲ್ಟ್ ವ್ಯವಸ್ಥೆಯಲ್ಲಿ ಮತ್ತೆ ಶುರುವಾಗುವುದು ಬಹಳ ನಯ, ಅದನ್ನು ಒಪ್ಪಲೇಬೇಕು. ಒಮ್ಮೆ ಆಫ್ ಮಾಡಿದರೂ ಮರುದಿನ ಮತ್ತೆ ಆನ್ ಆಗಿರುತ್ತದಲ್ಲ, ಅದು ಕೆಟ್ಟದ್ದರಿಂದ ಅಲ್ಲ. ಇಂಧನ ಮತ್ತು ಹೊಗೆಯ ಪರೀಕ್ಷೆಯಲ್ಲಿ ಗಾಡಿ ಶುರುವಾದಾಗಿನ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ ಕಂಪನಿಗಳು ಹಾಗೆ ಇಟ್ಟಿರುತ್ತವೆ. ಇನ್ನೊಂದು ವಿಷಯ ಸೇಲ್ಸ್‌ನವರು ಹೇಳುವುದಿಲ್ಲ: ಇದಕ್ಕೆ ಎಜಿಎಂ ಎಂಬ ದುಬಾರಿ ಬ್ಯಾಟರಿ ಬೇಕು, ಬಿಸಿಲು ಅದರ ಆಯಸ್ಸನ್ನು ತಿನ್ನುತ್ತದೆ. ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಬ್ಯಾಟರಿ ಬಂದಿದೆ ಎಂದು ಗಾಡಿಗೆ ತಿಳಿಸಬೇಕು. ತಿಳಿಸದಿದ್ದರೆ ಹಳೆಯ ಬ್ಯಾಟರಿಗೆ ಕೊಡುತ್ತಿದ್ದಂತೆಯೇ ಚಾರ್ಜ್ ಕೊಡುತ್ತ ಹೊಸದನ್ನೂ ಬೇಗ ಕೆಡಿಸುತ್ತದೆ. ರಸ್ತೆ ಬದಿಯ ಬ್ಯಾಟರಿ ಅಂಗಡಿಯಲ್ಲಿ ಸುಮ್ಮನೆ ಬದಲಿಸಿಕೊಂಡು ಬಂದವರ ಗಾಡಿಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ.

80 ದಾಟಿದರೆ ಬೀಪ್ ಎನ್ನುವುದಕ್ಕೆ ಕಂಪನಿಯನ್ನು ಬೈಯಬೇಡಿ. 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಎಲ್ಲ ಕಾರುಗಳಿಗೂ ಅದು ಕಡ್ಡಾಯ. 80ರ ಮೇಲೆ ಬಿಟ್ಟು ಬಿಟ್ಟು, 120ರ ಮೇಲೆ ಬಿಡದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ಅನುಮತಿ ಇರುವಾಗ 80ಕ್ಕೇ ಕೂಗಿಸುವುದರಲ್ಲಿ ಅರ್ಥವಿಲ್ಲ. ಹೊಸಪೇಟೆಯಿಂದ ಚಿತ್ರದುರ್ಗದವರೆಗೆ ಅದನ್ನು ಕೇಳುತ್ತ ಹೋದವರು ನಿಜವಾದ ಎಚ್ಚರಿಕೆಯ ಶಬ್ದವನ್ನೂ ಕೇಳಿಸಿಕೊಳ್ಳದ ಹಾಗಾಗುತ್ತಾರೆ. ಅದೇ ನನ್ನ ಆತಂಕ.

ಲೇನ್ ಬಿಟ್ಟರೆ ಸ್ಟೀರಿಂಗ್ ತಾನೇ ಎಳೆಯುವ ಸೌಲಭ್ಯ ಬಿಳಿ ಗೆರೆ ಇರುವ ಹೆದ್ದಾರಿಗೆ ಸರಿ. ಸಿರುಗುಪ್ಪ ರಸ್ತೆಯಲ್ಲಿ ಗುಂಡಿ ತಪ್ಪಿಸಲು ನೀವು ಎಳೆದಾಗ ಅದು ಎದುರು ಎಳೆಯಬಾರದು. ಯಾವ ಮಾದರಿಯಲ್ಲಿ ಅದು ಇದೆ, ಯಾವುದರಲ್ಲಿಲ್ಲ ಎಂಬುದು ವರ್ಷ ವರ್ಷಕ್ಕೂ ಬದಲಾಗುತ್ತದೆ, ಆಫ್ ಮಾಡುವ ದಾರಿಯನ್ನು ಶೋರೂಮಿನಲ್ಲೇ ಕೇಳಿ ಕಲಿತುಕೊಂಡು ಬನ್ನಿ. ಸ್ಪೀಕರಿನಿಂದ ಬರುವ ನಕಲಿ ಎಂಜಿನ್ ಶಬ್ದವನ್ನೂ ಆರಿಸಲು ಬರುತ್ತದೆಯೇ ನೋಡಿ. ಒಳ್ಳೆಯ ಎಂಜಿನ್‌ನ ಮೇಲೆ ಧ್ವನಿಮುದ್ರಿಕೆ ಹಾಕುವುದು ಆ ಎಂಜಿನ್ ಕಟ್ಟಿದವರಿಗೇ ಮಾಡುವ ಅವಮಾನ. ನಿಜವಾದ ದನಿ ಬೇಕಿದ್ದರೆ, ಹಣವೂ ಇದ್ದರೆ, 2021ರಲ್ಲಿ ಬಂದ ಎಂ340ಐ ಇದೆ: ಸಾಲಾಗಿ ಆರು ಸಿಲಿಂಡರ್, 3 ಲೀಟರ್. ಅದನ್ನು ಕೇಳಿದ ಮೇಲೆ ಸ್ಪೀಕರ್ ಬೇಕೆನಿಸುವುದಿಲ್ಲ.

ಟೈರು ನೋಡದೆ ಮಾತ್ರ ಅಡ್ವಾನ್ಸ್ ಕೊಡಬೇಡಿ. 2020ರಲ್ಲಿ ನಿಯಮ ಬದಲಾಗಿ, ಟ್ಯೂಬ್‌ಲೆಸ್ ಟೈರು, ಗಾಳಿ ಅಳೆಯುವ ಸೆನ್ಸರ್, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕಾಗಿಲ್ಲ. ರನ್‌ಫ್ಲಾಟ್ ಟೈರು ಗಾಳಿ ಹೋದ ಮೇಲೂ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಓಡುತ್ತದೆ ಎನ್ನುತ್ತಾರೆ. ಬಳ್ಳಾರಿಯಿಂದ 80 ಕಿ.ಮೀ. ಎಂದರೆ ಹೊಸಪೇಟೆ ದಾಟಿ ಸ್ವಲ್ಪ ದೂರ. ಅಲ್ಲಿ ಆ ಅಳತೆಯ ಟೈರು ತಕ್ಷಣ ಸಿಗುವುದು ಕಷ್ಟ. ಅದರ ಪಕ್ಕದ ಗೋಡೆ ಗಟ್ಟಿ ಇರುವುದರಿಂದ ಗುಂಡಿಯ ಪೆಟ್ಟು ನೇರ ಬೆನ್ನಿಗೆ. ಸಾಧ್ಯವಾದರೆ ಚಿಕ್ಕ ರಿಮ್ ಇರುವ ಮಾದರಿಯನ್ನೇ ಆರಿಸಿ, ಸ್ಟೆಪ್ನಿ ಇದೆಯೋ ಇಲ್ಲವೋ ಡಿಕ್ಕಿ ತೆಗೆಸಿ ಕಣ್ಣಾರೆ ನೋಡಿ. ಸಿ-ಕ್ಲಾಸ್‌ನಲ್ಲಿ ಸ್ಟೆಪ್ನಿ ಡಿಕ್ಕಿಯ ನೆಲದ ಮೇಲೇ ಕೂತು ಸೂಟ್‌ಕೇಸಿನ ಜಾಗ ನುಂಗುತ್ತದೆ. ಆದರೂ ಇರುವುದೇ ಮೇಲು.

ಟೆಸ್ಟ್ ಡ್ರೈವ್‌ಗೆ ಹೋದಾಗ ವೇಗ ನೋಡಬೇಡಿ, ಎಲ್ಲವೂ ವೇಗವಾಗಿಯೇ ಓಡುತ್ತವೆ. ಪಕ್ಕದಲ್ಲಿ ಮನೆಯವರನ್ನು ಕೂರಿಸಿಕೊಳ್ಳಿ. ರಸ್ತೆಯಿಂದ ಕಣ್ಣು ತೆಗೆಯದೆ ಬ್ಲೋವರ್ ಏರಿಸಿ, ಹೊರಗಾಳಿ ಬಂದ್ ಮಾಡಿ, ಹಿಂದಿನ ಗಾಜಿನ ಹೀಟರ್ ಹಾಕಿ, ಹಾಡಿನ ದನಿ ತಗ್ಗಿಸಿ. ನಿಮ್ಮ ಕಣ್ಣು ಎಷ್ಟು ಸಲ ಕೆಳಗೆ ಹೋಯಿತು ಎಂದು ಅವರು ಎಣಿಸಲಿ. ಮೂರೂ ಗಾಡಿಗಳಲ್ಲಿ ಇದನ್ನೇ ಮಾಡಿ. ಬೆಂಗಳೂರಿಗೆ ಅಷ್ಟು ದೂರ ಹೋಗಿರುತ್ತೀರಿ, ಒಂದು ಗಂಟೆ ಹೆಚ್ಚು ಕೇಳಿ ಪಡೆಯಿರಿ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ 18 ಶೇಕಡಾ ರಸ್ತೆ ತೆರಿಗೆ, ಅದರ ಮೇಲೆ ಸೆಸ್ಸು ಕಟ್ಟುವವರು ನೀವು, ಸಂಕೋಚ ಬೇಡ.

ಕೊನೆಗೆ ಎಲ್ಲರೂ ಕೇಳುವುದು: ಪೆಟ್ರೋಲಾ, ಡೀಸೆಲ್ಲಾ? ವಾರಕ್ಕೊಮ್ಮೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿಬರುವ ಅಕ್ಕಿ ಗಿರಣಿಯವರಿಗೆ, ಜೀನ್ಸ್ ವ್ಯಾಪಾರದವರಿಗೆ ಸಿ-ಕ್ಲಾಸ್‌ನ ಡೀಸೆಲ್ ಮಾದರಿ ಸಿ220ಡಿ ಬಹಳ ಒಳ್ಳೆಯ ಗಾಡಿ. ಗಾಂಧಿನಗರದಿಂದ ಕೌಲ್ ಬಜಾರಿಗೆ ಹೋಗಿ ವಾಪಸ್ ಬರುವುದಷ್ಟೇ ಇದ್ದರೆ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಯಾಗಲು ಒಂದಷ್ಟು ಹೊತ್ತು ಬಿಡದೆ ಓಡಬೇಕು. ಊರೊಳಗಿನ ಓಡಾಟದಲ್ಲಿ ಅದಕ್ಕೆ ಅವಕಾಶವೇ ಸಿಗದೆ ಕಟ್ಟಿಕೊಳ್ಳುತ್ತದೆ. ಆ ಫಿಲ್ಟರಿನ ದೀಪ ಹತ್ತಿದರೆ ಗಾಡಿ ನಿಲ್ಲಿಸಿಬಿಡಬೇಡಿ, ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇದೆಯೇ ನೋಡಿಕೊಂಡು ಹೊಸಪೇಟೆ ರಸ್ತೆ ಹಿಡಿದು ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಆಮೇಲೂ ಆರದಿದ್ದರೆ ವರ್ಕ್‌ಶಾಪಿಗೆ ತನ್ನಿ.