ಬಾತ್‌ರೂಮ್ ಕಿಟಕಿ: ಫ್ಯಾಬ್ರಿಕ್ ಕೋಡ್ ಬರೆಯುವ ಮುಂಚೆ

ತುಮಕೂರಿನ ಒಂದು ಮನೆಯಲ್ಲಿ ಹೋದ ಚಳಿಗಾಲ ನಡೆದ ವಾಗ್ವಾದ ಕಿಟಕಿ ಬ್ಲೈಂಡ್ ಅಳೆದು ಫಿಟ್ ಮಾಡುವ ನಮ್ಮ ತಂಡದಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಆರ್ಡರ್ ಶೀಟಿನಲ್ಲಿ ಇದ್ದದ್ದು ಇಷ್ಟು: ಬಾತ್‌ರೂಮ್, 24×18 ಇಂಚು, ಇನ್‌ಸೈಡ್ ಮೌಂಟ್ (ಕಿಟಕಿ ಸಂದಿನ ಒಳಗೇ ಕೂರುವ) ರೋಲರ್ ಬ್ಲೈಂಡ್, ರೈಟ್ ಕಂಟ್ರೋಲ್ (ಎಳೆಯುವ ಚೈನ್ ಬಲಗಡೆ), ಹಿಂದೆ ಲೂವರ್ಸ್‌ಗೆ (ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳಿಗೆ) ಅಕ್ರಿಲಿಕ್ ಶೀಟ್. ಬೆಳಗಿನ ಚಳಿ ಒಳಗೆ ಬರಬಾರದು ಅಂತ ಮನೆಯವರೇ ಶೀಟ್ ಕೇಳಿದ್ದರು. ಫಿಟ್ಟರ್ ಏಣಿ ಹತ್ತಿದಾಗ ಪಕ್ಕದ ಗೋಡೆಯಲ್ಲಿ ಗ್ಯಾಸ್ ಗೀಸರ್ ಕಾಣಿಸಿತು. "ಅಮ್ಮ, ಇದಕ್ಕೆ ಶೀಟ್ ಹಾಕೋಕೆ ಬರಲ್ಲ" ಅಂದ. ಆಫೀಸಿನಿಂದ ಫೋನ್: ಕಟ್ ಮಾಡಿದ ಮಾಲು ವಾಪಸ್ ತರಬೇಡ, ಫಿಟ್ ಮಾಡಿ ಫೋಟೋ ಕಳಿಸು. ಮನೆ ಯಜಮಾನರಿಗೆ ಸಿಟ್ಟು, "ದುಡ್ಡು ಕೊಟ್ಟಿರೋದು ನಾವಲ್ವೇನಪ್ಪ?" ಡ್ರಿಲ್ ಕೈಯಲ್ಲಿ ಹಿಡಿದು ಏಣಿಯ ಮೇಲೆ ನಿಂತವನು ಫೋನಿಗೂ ಉತ್ತರ ಕೊಡಬೇಕು, ಕೆಳಗಿನವರಿಗೂ ಉತ್ತರ ಕೊಡಬೇಕು. ಕೊನೆಗೆ ಆ ಹುಡುಗ ಶೀಟ್ ಹಾಕದೆಯೇ ಇಳಿದ.

ಅವನು ಮಾಡಿದ್ದು ನೂರಕ್ಕೆ ನೂರು ಸರಿ. ಗ್ಯಾಸ್ ಗೀಸರ್ ಉರಿಯುವುದು ಅದೇ ಕೋಣೆಯ ಗಾಳಿಯಿಂದ. ಗಾಳಿ ಸಾಲದೆ ಹೋದಾಗ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನ ಮಾಡುವವರಿಗೆ ತಲೆ ಸುತ್ತು ಬಂದು, ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯದೆ ಕುಸಿಯುತ್ತಾರೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅಂತ ಕೆಲವರು ವಾದಿಸುತ್ತಾರೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಹೊರಗೆ ಹೋಗಬೇಕಾದ ಗೀಸರ್ ಹೊಗೆಯನ್ನೇ ಕೋಣೆಯೊಳಗೆ ಎಳೆಯುವ ಸಾಧ್ಯತೆ ಇದೆ. ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಯುಟಿಲಿಟಿಯಲ್ಲೋ ಬಯಲಲ್ಲೋ ಇರಬೇಕು. ಅಲ್ಲಿಯವರೆಗೆ ಕಿಟಕಿಗೆ ಶೀಟೂ ಬೇಡ, ಇನ್‌ಸೈಡ್ ಮೌಂಟ್ ಬ್ಲೈಂಡೂ ಬೇಡ. ಗಾಜಿಗೆ ಫ್ರಾಸ್ಟೆಡ್ ಫಿಲ್ಮ್ ಅಂಟಿಸಿದರೆ ಸಾಕು, ಲೂವರ್ಸ್ ತೆರೆದೇ ಇರಲಿ.

ಇಷ್ಟಾದರೂ ಮೆಷರ್‌ಮೆಂಟ್ ಫಾರಂನಲ್ಲಿ ಅಗಲ, ಎತ್ತರ, ಫ್ಯಾಬ್ರಿಕ್ ಕೋಡ್, ಕಂಟ್ರೋಲ್ ಸೈಡ್ ಬಿಟ್ಟರೆ ಬೇರೆ ಜಾಗ ಇಲ್ಲ. ಗೀಸರ್ ಯಾವುದು, ಶವರ್ ಎಲ್ಲಿ, ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಮೂರು ಗೆರೆ ಸೇರಿಸಿ ಎಂದು ಕೇಳಿ ಸಾಕಾಗಿದೆ. ಆ್ಯಪ್‌ನಲ್ಲಿ ಫೀಲ್ಡ್ ಸೇರಿಸಲು ಆಗುವುದಿಲ್ಲವಂತೆ. ಸದ್ಯಕ್ಕೆ ರಿಮಾರ್ಕ್ಸ್‌ನಲ್ಲಿ ಬರೆಯಿರಿ, ಗೀಸರಿನ ಫೋಟೋನೂ ಹಾಕಿ. ಕಟಿಂಗ್‌ಗೆ ಹೋಗುವ ಮುಂಚೆ ಯಾರ ಕಣ್ಣಿಗಾದರೂ ಬೀಳಬೇಕು.

ಇನ್ನು ಮರೆಯ ವಿಷಯ. 30×40 ಸೈಟುಗಳಲ್ಲಿ ಪಕ್ಕದ ಮನೆಯ ಮೆಟ್ಟಿಲು ನಮ್ಮ ಬಾತ್‌ರೂಮಿನಿಂದ ಕೈಗೆಟುಕುವಷ್ಟು ಹತ್ತಿರ. ಶೋರೂಮಿನಲ್ಲಿ ಹಗಲು ಹೊತ್ತು ತೋರಿಸುವ ಒನ್‌ವೇ ಕನ್ನಡಿ ಫಿಲ್ಮ್ ಇಲ್ಲಿ ಕೆಲಸಕ್ಕೆ ಬಾರದು. ಬೆಳಕು ಹೆಚ್ಚಿರುವ ಕಡೆಗೆ ಅದು ಕನ್ನಡಿ. ರಾತ್ರಿ ಒಳಗೆ ಲೈಟ್ ಹಾಕಿದಾಗ ಒಳಗಿನವರಿಗೆ ಕನ್ನಡಿ, ಹೊರಗಿನವರಿಗೆ ಬರೀ ಗಾಜು. ಸನ್‌ಸ್ಕ್ರೀನ್ ಫ್ಯಾಬ್ರಿಕ್ಕಿನ 3% ಅಥವಾ 5% ಓಪನ್‌ನೆಸ್ (ನೇಯ್ಗೆಯಲ್ಲಿ ತೆರೆದಿರುವ ಸಂದುಗಳ ಪಾಲು) ಕೂಡ ಹಾಗೇ ಮೋಸ ಮಾಡುತ್ತದೆ. ಸ್ಯಾಂಡ್‌ಬ್ಲಾಸ್ಟ್ ಗಾಜಿನ ತೊಂದರೆ ಬೇರೆ: ಅದರ ಒರಟು ಮೈ ಬೆಳಕನ್ನು ಚದುರಿಸುವುದರಿಂದ ಮರೆ ಸಿಗುತ್ತದೆ, ಆ ತಗ್ಗುಗಳಲ್ಲಿ ನೀರು ತುಂಬಿಕೊಂಡ ಕ್ಷಣ ಗಾಜು ತಿಳಿಯಾಗುತ್ತದೆ. ಶವರ್ ಪಕ್ಕದ ಕಿಟಕಿಗೆ ಒರಟು ಮೈ ಒಳಮುಖವಾಗಿ ಹಾಕಿದ್ದನ್ನು ಎಷ್ಟೋ ಕಡೆ ಕಾಣಬಹುದು. ಸ್ಯಾಂಪಲ್ ತುಂಡಿನ ಮೇಲೆ ನೀರು ಚಿಮುಕಿಸಿ ತೋರಿಸಿದರೆ ಗಿರಾಕಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಬಲ್ಬ್ ಎಲ್ಲಿದೆ ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಅರ್ಧ ಉತ್ತರ ಅಲ್ಲೇ ಇದೆ. ಸ್ನಾನ ಮಾಡುವವರ ಬೆನ್ನ ಹಿಂದೆ ಲೈಟ್ ಇದ್ದು ಎದುರಿಗೆ ಕಿಟಕಿ ಇದ್ದರೆ, ಎಂಥ ಫ್ರಾಸ್ಟೆಡ್ ಗಾಜಿನ ಮೇಲೂ ನೆರಳು ಬೀಳುತ್ತದೆ. ಗಾಜಿಗೆ ಹತ್ತಿರ ನಿಂತಷ್ಟೂ ಆಕಾರ ಸ್ಪಷ್ಟ. ಲೈಟನ್ನು ಕಿಟಕಿ ಇರುವ ಗೋಡೆಗೇ, ಕಿಟಕಿಯ ಮೇಲ್ಭಾಗಕ್ಕೆ ಬದಲಾಯಿಸಿದರೆ ಆ ನೆರಳು ಗಾಜಿನ ಮೇಲೆ ಬೀಳುವುದಿಲ್ಲ. ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸ, ಬ್ಲೈಂಡಿನ ಖರ್ಚೇ ಉಳಿಯಬಹುದು.

ಫಿಲ್ಮ್ ಅಂಟಿಸುವಾಗ ಗಾಜನ್ನು ಬ್ಲೇಡಿನಿಂದ ಹೆರೆದು, ಬೋರ್‌ವೆಲ್ ನೀರಿನ ಬಿಳಿ ಪದರವನ್ನು ವಿನೆಗರ್‌ನಿಂದ ತೆಗೆಯಬೇಕು. ನಾವು ಕೆಲಸ ಮಾಡುವ ಮೂರು ಜಿಲ್ಲೆಗಳಲ್ಲೂ ಗಡಸು ನೀರೇ ಹೆಚ್ಚು, ಆ ಪದರದ ಮೇಲೆ ಗೋಂದು ಹಿಡಿಯುವುದಿಲ್ಲ. ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಾಜಿಗೂ ಗೋಂದಿಗೂ ಸಿಂಪಡಿಸಿ, ನಡುವಿನಿಂದ ಅಂಚಿಗೆ ಸ್ಕ್ವೀಜಿ (ನೀರು ಒತ್ತಿ ತೆಗೆಯುವ ರಬ್ಬರ್ ಪಟ್ಟಿ) ಎಳೆಯಿರಿ. ಅಂಚಿನಲ್ಲಿ ಸುತ್ತಲೂ 2 ಮಿ.ಮೀ. ಬಿಡಿ. ರಬ್ಬರ್ ಬೀಡಿಂಗ್‌ಗೆ ತಾಗಿದ ಫಿಲ್ಮ್ ಅಲ್ಲಿಂದಲೇ ಏಳಲು ಶುರು ಮಾಡುತ್ತದೆ. ಪಿನ್‌ಹೆಡ್ ಗಾಜಿನ ಗುಬುಟು ಇರುವ ಕಡೆ ಅಂಟದು, ನಯವಾದ ಬದಿಗೆ ಮಾತ್ರ.

ಕೆಳಗಿನ ಅರ್ಧಕ್ಕೆ ಫಿಲ್ಮ್, ಮೇಲಿನದು ತೆರೆದು: ನಮ್ಮ ಕಡೆಯ ಬಾತ್‌ರೂಮಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆರೂವರೆ ಅಡಿ ಮೇಲಿರುವ ವೆಂಟಿಲೇಟರಿಗೆ ಏನೂ ಬೇಡ. ಲೂವರ್ಸ್‌ನ ಹೊರ ಅಂಚು ಕೆಳಗೆ ಬಾಗಿದ್ದರೆ ಎದುರು ಮನೆಯ ತಾರಸಿಯಿಂದ ಒಳಗೆ ಕಾಣುವುದಿಲ್ಲ, ಕೆಳಗಿನ ರಸ್ತೆಯಿಂದ ಕಂಡರೂ ಸೀಲಿಂಗ್ ಅಷ್ಟೇ. ಮಾರಾಟದ ಟಾರ್ಗೆಟ್ ಇದ್ದವರು ಇದನ್ನು ಹೇಳುವುದಿಲ್ಲ, ಹೇಳಲೇಬೇಕು.

ಬ್ಲೈಂಡೇ ಬೇಕೆಂದರೆ, ನೀರು ಚಿಮ್ಮದ ಕಡೆ ಮಾತ್ರ. 25 ಮಿ.ಮೀ. ಅಲ್ಯೂಮಿನಿಯಂ ವೆನೀಷಿಯನ್ ತಾಳುತ್ತದೆ, ಪಟ್ಟಿ ತಿರುಗಿಸಿಟ್ಟರೆ ಗಾಳಿಯೂ ಆಡುತ್ತದೆ. ಮರದ ಪಟ್ಟಿ ಸೊಟ್ಟಗಾಗುತ್ತದೆ, ಅದೇ ನೋಟ ಬೇಕಾದರೆ ಪಿವಿಸಿ ತಗೊಳ್ಳಿ. ರೋಲರ್‌ನಲ್ಲಿ ಹಿಂದೆ ಫೋಮ್ ಕೋಟಿಂಗ್ ಇರುವ ಬ್ಲ್ಯಾಕ್‌ಔಟ್ ಬಟ್ಟೆ ಬೇಡ, ತೇವಕ್ಕೆ ಕೋಟಿಂಗ್ ಎದ್ದು ಬರುತ್ತದೆ. ಹನಿಕೋಂಬ್ (ಜೇನುಗೂಡಿನಂಥ ಪೊಳ್ಳು ಮಡಿಕೆಯ ಬ್ಲೈಂಡ್) ಮತ್ತು ಬಿದಿರಿನ ಚಿಕ್ ಎರಡರಲ್ಲೂ ತೇವ ಸಿಕ್ಕಿಕೊಂಡು ಬೂಷ್ಟು ಬರುತ್ತದೆ. ಬಟ್ಟೆ ಪರದೆ ಹಾಕುವವರು ಕಾಟನ್ ಬಿಟ್ಟು ಪಾಲಿಯೆಸ್ಟರ್ ಹಾಕಲಿ.

ಅಗಲದ ಅಳತೆ ಮೂರು ಕಡೆ: ಮೇಲೆ, ನಡುವೆ, ಕೆಳಗೆ. ಇನ್‌ಸೈಡ್ ಮೌಂಟ್‌ಗೆ ಅತಿ ಚಿಕ್ಕ ಅಳತೆ ಹಿಡಿದು 10 ಮಿ.ಮೀ. ಕಳೆಯಿರಿ. ಟೈಲ್ಸ್ ಅಂಟಿಸಿದ ಮೇಲೆಯೇ ಅಳೆಯಿರಿ. ಪ್ಲಾಸ್ಟರ್ ಮಟ್ಟದಲ್ಲಿ ಅಳೆದು ಕಟಿಂಗ್‌ಗೆ ಕೊಟ್ಟರೆ ಎರಡು ಬದಿಯ ಟೈಲ್ಸ್, ಅಂಟು ಸೇರಿ ಬ್ಲೈಂಡ್ ಒಳಗೇ ಹೋಗುವುದಿಲ್ಲ. ಔಟ್‌ಸೈಡ್ ಮೌಂಟ್‌ಗೆ (ಕಿಟಕಿಯ ಹೊರಗೆ ಗೋಡೆಗೆ ಹಾಕುವುದಕ್ಕೆ) ಎರಡೂ ಪಕ್ಕ ಮೂರು ಮೂರು ಇಂಚು ಹೆಚ್ಚಿಸಿ. ರೋಲರ್ ಆದರೆ ಬ್ರಾಕೆಟ್ ಸೇರಿದ ಒಟ್ಟು ಅಗಲಕ್ಕಿಂತ ಫ್ಯಾಬ್ರಿಕ್ ಕಿರಿದು, ಪಕ್ಕದ ಸಂದು ಇದ್ದೇ ಇರುತ್ತದೆ ಎಂದು ಮೊದಲೇ ಹೇಳಿಬಿಡಿ.

ತೂತು ಹೊಡೆಯುವಾಗ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ (ಕುಟ್ಟುವ ಮೋಡ್) ಆಫ್ ಮಾಡಿ, ನಿಧಾನದ ಸ್ಪೀಡಿನಲ್ಲಿ ಟೈಲ್ ಬಿಟ್ ಓಡಿಸಿ. ವಿಟ್ರಿಫೈಡ್ ಆದರೆ ಡೈಮಂಡ್ ಬಿಟ್, ನೀರು ಹನಿಸುತ್ತಾ ಇರಬೇಕು. ಟೈಲ್ ದಾಟಿದ ಮೇಲಷ್ಟೇ ಹ್ಯಾಮರ್. ಅಂಚಿನಿಂದ ಒಂದು ಇಂಚಾದರೂ ದೂರವಿರಲಿ. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ಗನ್ನು ಟೈಲಿನ ದಪ್ಪ ದಾಟಿ ಗೋಡೆಯೊಳಗೆ ಕೂರಿಸಬೇಕು. ಟೈಲಿನ ಮಟ್ಟದಲ್ಲೇ ನಿಂತ ಪ್ಲಗ್ ಸ್ಕ್ರೂ ಬಿಗಿಯುವಾಗ ಹಿಗ್ಗಿ ಟೈಲ್ ಸೀಳುತ್ತದೆ. ಡೈವರ್ಟರ್ (ಶವರ್, ನಲ್ಲಿಗೆ ನೀರು ತಿರುಗಿಸುವ ವಾಲ್ವ್), ಗೀಸರ್ ಪಾಯಿಂಟ್, ಎಕ್ಸಾಸ್ಟ್ ಸ್ವಿಚ್ ಇವುಗಳ ನೇರ ಮೇಲೆ ಕೆಳಗೆ ಡ್ರಿಲ್ ಇಡಬೇಡಿ, ಪೈಪೂ ವೈರೂ ಅಲ್ಲೇ ಹೋಗಿರುತ್ತವೆ. ಯುಪಿವಿಸಿ ಫ್ರೇಮಿನ ಕೆಳಪಟ್ಟಿಗಂತೂ ಸ್ಕ್ರೂ ಹಾಕಲೇಬೇಡಿ, ನೀರು ಹೊರಹೋಗುವ ದಾರಿ ಅದು. ಬಾಕ್ಸಿನಲ್ಲಿ ಬರುವ ಸ್ಕ್ರೂ ಬದಲು 304 ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ತೂತಿಗೆ ಸ್ವಲ್ಪ ಸಿಲಿಕಾನ್ ತುಂಬಿ. ಇಲ್ಲವಾದರೆ ತುಕ್ಕಿನ ಗೆರೆ ಬಿಳಿ ಟೈಲ್ ಮೇಲೆ ಇಳಿಯುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ರೋಲರಿನ ಚೈನನ್ನು ಟೆನ್ಷನರ್ ಹಾಕಿ ಗೋಡೆಗೆ ಬಿಗಿದೇ ಹೊರಡಿ, ನೇತಾಡುವ ಕುಣಿಕೆ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಟೆನ್ಷನರ್ ಬಾಕ್ಸಿನಲ್ಲೇ ಇರುತ್ತದೆ. ಅದನ್ನು ಕವರ್ ಸಮೇತ ಕಿಟಕಿ ಕಟ್ಟೆಯ ಮೇಲೆ ಬಿಟ್ಟು ಬಂದ ಫಿಟ್ಟಿಂಗಿಗೆ ಸೈನ್ ಹಾಕಿಸಿಕೊಳ್ಳಬೇಡಿ.