ವರ್ಟಿಕಲ್ ಟರ್ಬೈನ್ ಪಂಪಿನ ಅನುರಣನ: ಕೆಲಸ ಎಲ್ಲಿಗೆ ಬಂತು

ದಿನ 1. ಜಾಕ್‌ವೆಲ್ (ನೀರೆತ್ತುವ ಬಾವಿ) ಮೇಲಿನ ಪಂಪು ವಿಪರೀತ ಅದುರುತ್ತಿದೆ. ಅನುಮಾನ ಅನುರಣನದ ಮೇಲೆ, ಅಂದರೆ ಪಂಪಿನ ಸ್ವಂತ ಅದುರುವ ಆವೃತ್ತಿ ಓಟದ ಆವೃತ್ತಿಗೆ ಹತ್ತಿರ ಬಂದು ಕಂಪನ ಹಿಗ್ಗುವುದು. ಮೋಟರು 75 ಕಿ.ವ್ಯಾ., 1480 ಆರ್‌ಪಿಎಂ, ಅಂದರೆ 24.67 ಹರ್ಟ್ಜ್. ಮೋಟರಿನ ತಲೆಯಲ್ಲಿ ಕಂಪನ ಡೆಲಿವರಿ ಪೈಪಿನ ನೇರಕ್ಕೆ 2.6 ಮಿ.ಮೀ./ಸೆ., ಅಡ್ಡಲಾಗಿ 9.8. ಸ್ಪೆಕ್ಟ್ರಮ್‌ನಲ್ಲಿ (ಯಾವ ಆವೃತ್ತಿಯಲ್ಲಿ ಎಷ್ಟು ಕಂಪನ ಎಂಬ ನಕ್ಷೆ) ಎದ್ದು ಕಾಣುವುದು ಓಟದ ಆವೃತ್ತಿಯ ಗೆರೆ ಒಂದೇ. ಬರೀ ಅನ್‌ಬ್ಯಾಲೆನ್ಸ್ (ರೋಟರಿನ ತೂಕ ಒಂದು ಕಡೆಗೆ ವಾಲುವುದು) ಇದ್ದರೆ ಎರಡು ದಿಕ್ಕಿಗೆ ಇಷ್ಟು ಅಂತರ ಬರುವುದಿಲ್ಲ. ರೋಟರು ಬಿಚ್ಚಿ ಬ್ಯಾಲೆನ್ಸಿಂಗ್‌ಗೆ ಕಳಿಸುವ ಮಾತು ಸದ್ಯಕ್ಕೆ ಬೇಡ. ಫೌಂಡೇಶನ್ ಬೋಲ್ಟು, ಗ್ರೌಟು (ಬುಡದಡಿ ತುಂಬಿದ ಗಾರೆ), ಸಾಫ್ಟ್ ಫುಟ್ (ಬುಡ ಸಮವಾಗಿ ಕೂರದಿರುವುದು) ನೋಡಿದ್ದಾಯಿತು, ಸರಿಯಿವೆ.

ದಿನ 2. ಪಂಪು ನಿಲ್ಲಿಸಿ ಬಂಪ್ ಟೆಸ್ಟ್: ಸುತ್ತಿಗೆಯಿಂದ ತಟ್ಟಿ, ಅದು ತಾನಾಗಿ ಅದುರುವ ಆವೃತ್ತಿ (ಸ್ವಾಭಾವಿಕ ಆವೃತ್ತಿ) ಅಳೆಯುವುದು. 0–100 ಹರ್ಟ್ಜ್, 800 ಲೈನು (ಅಷ್ಟು ಭಾಗ ಮಾಡಿ ನೋಡುವುದು), ಅಂದರೆ 0.125 ಹರ್ಟ್ಜ್ ಸೂಕ್ಷ್ಮತೆ. ಪ್ರತಿ ಏಟಿಗೂ 8 ಸೆಕೆಂಡು ಕಾಯಬೇಕು. ರಬ್ಬರ್ ತುದಿಯ ಸುತ್ತಿಗೆ, ಆರು ಏಟಿನ ಸರಾಸರಿ. ಅಡ್ಡ ದಿಕ್ಕಿನ ಸ್ವಾಭಾವಿಕ ಆವೃತ್ತಿ 23.5, ಪೈಪಿನ ದಿಕ್ಕಿಗೆ 31. ಸ್ವಿಚ್ ಆಫ್ ಮಾಡಿದಾಗ ಕಂಪನ ತಕ್ಷಣ ಇಳಿಯದೆ ಒಮ್ಮೆ ಏರಿ ಆಮೇಲೆ ಬಿತ್ತು, ಫೇಸ್ (ತಿರುಗುವ ಶಾಫ್ಟಿಗೆ ಹೋಲಿಸಿ ಕಂಪನದ ಕೋನ) ಸುಮಾರು 180 ಡಿಗ್ರಿ ತಿರುಗಿತು. ಅನುರಣನವೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ದಿನ 3. ಎಡವುವುದು ಇಲ್ಲೇ. "ಒಂದು ಪಟ್ಟಿ ಬೆಸೆದರೆ ಗಟ್ಟಿಯಾಗುತ್ತೆ" ಎಂದು ಸುಮ್ಮನೆ ಕೈ ಹಾಕಬಾರದು. ಆವೃತ್ತಿ ಏರುವುದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. ಬಿಗಿತ 10% ಹೆಚ್ಚಿಸಿದರೆ 23.5 ಹೋಗಿ 24.65 ಆಗುತ್ತದೆ, ಓಟದ ವೇಗದ ಮೇಲೇ ಬಂದು ಕೂರುತ್ತದೆ! ಅರೆಮನಸ್ಸಿನ ರಿಪೇರಿ ಕಂಪನವನ್ನು ಹೆಚ್ಚಿಸುವುದು ಹೀಗೆ. 20% ಅಂತರ ಬೇಕೆಂದರೆ 29.6 ಹರ್ಟ್ಜ್ ದಾಟಬೇಕು, ಬಿಗಿತ 1.6 ಪಟ್ಟು ಆಗಬೇಕು. ಭಾರ ಹೇರಿ ಕೆಳಗಿಳಿಸುವುದಾದರೆ ಅಲುಗುವ ರಾಶಿ 40% ಮೇಲೆ ಏರಬೇಕು. ಮೋಟರಿನ ತಲೆಯ ಮೇಲೆ ಅಷ್ಟು ಹೇರುವುದು ಸರಿಯಲ್ಲ.

ದಿನ 5. ಡಿಸ್ಚಾರ್ಜ್ ಹೆಡ್‌ನ (ಮೋಟರನ್ನು ಹೊತ್ತ, ನೀರು ಹೊರಬರುವ ಭಾಗ) ಕಿಟಕಿಗಳೇ ಅದರ ದುರ್ಬಲ ಜಾಗ. ಅವನ್ನು ಮುಚ್ಚಿದರೆ ಗ್ಲ್ಯಾಂಡ್ (ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ಬಿಗಿಸಲು ಕೈ ಹೋಗದು. ಹಾಗಾಗಿ ಪಕ್ಕಗಳಲ್ಲಿ 16 ಮಿ.ಮೀ. ಪ್ಲೇಟಿನ ನಾಲ್ಕು ಗಸೆಟ್ (ಆಧಾರದ ಪಟ್ಟಿ). ಮೊದಲು ಆ್ಯಂಗಲ್ ಕ್ಲ್ಯಾಂಪ್ ಮಾಡಿ ಬಂಪ್ ಮಾಡಿದಾಗ ಆವೃತ್ತಿ 27 ದಾಟಿತು, ದಾರಿ ಸರಿ. ವೆಲ್ಡಿಂಗ್‌ಗೆ ಮೊದಲು ಮೋಟರು ಇಳಿಸಲೇಬೇಕು. ಅರ್ತ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ, ಕರೆಂಟು ಬೇರಿಂಗ್ ಮೂಲಕ ಹರಿದರೆ ಬೇರಿಂಗ್ ಹಾಳು. ಬಿಸಿಗೆ ಮೋಟರು ಕೂರುವ ಮುಖ ಸೊಟ್ಟಗಾಗುತ್ತದೆ. ಎದುರುಬದುರು ಸ್ವಲ್ಪ ಸ್ವಲ್ಪವೇ ಬೆಸೆದು, ತಣಿದ ಮೇಲೆ ಡಯಲ್ ಗೇಜ್ ಇಟ್ಟಾಗ ಸೊಟ್ಟ 0.04 ಮಿ.ಮೀ.

ದಿನ 6. ಬಂಪ್: ಅಡ್ಡಕ್ಕೆ 30.1, ಪೈಪಿನ ದಿಕ್ಕಿಗೆ 33. ಓಡಿಸಿದಾಗ 2.1 ಮತ್ತು 1.9 ಮಿ.ಮೀ./ಸೆ.

ಬಾಕಿ: ಎರಡು ವಾರದ ನಂತರ ಬೋಲ್ಟುಗಳ ಟಾರ್ಕ್ ನೋಡುವುದು, ಪಕ್ಕದ ಪಂಪಿಗೂ ಬಂಪ್ ಟೆಸ್ಟ್.